ಅಪವರ್ತನ ಕಲಿಸುವ ಬಣ್ಣದ ಬಿಲ್ಲೆಗಳು: ಎರಡು ತಿಂಗಳು ಬಳಸಿದ ಮೇಲೆ

ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಕೊಟ್ಟ ಸಂಖ್ಯೆಗಳನ್ನೆಲ್ಲ ಪೂರ್ತಿ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಅಂದರೇನು ಅಂತ ಕೇಳಿದರೆ ಮಕ್ಕಳು ಲೆಕ್ಕ ಮಾಡುವ ಕ್ರಮ ಹೇಳುತ್ತಾರೆ, ಅರ್ಥ ಹೇಳುವುದಿಲ್ಲ. ಅದಕ್ಕೇ ಈ ಪೆಟ್ಟಿಗೆ ತರಿಸಿದೆ. 2ಕ್ಕೆ ಕೆಂಪು, 3ಕ್ಕೆ ನೀಲಿ, ಹೀಗೆ 13ರವರೆಗೆ ಪ್ರತಿ ಅವಿಭಾಜ್ಯ ಸಂಖ್ಯೆಗೂ ಬೇರೆ ಬಣ್ಣದ ಬಿಲ್ಲೆ.

ತುಂಬಾ ಇಷ್ಟವಾಯಿತು. 84ಕ್ಕೆ 2, 2, 3, 7 ಅಂತ ಒಂದು ಸಾಲು ಇಡಿಸಿ, ಕೆಳಗೆ 120ಕ್ಕೆ 2, 2, 2, 3, 5 ಇಡಿಸಿ, ಜೋಡಿ ಸಿಕ್ಕವನ್ನು ಮಾತ್ರ ಪಕ್ಕಕ್ಕೆ ಎಳೀರಿ ಅಂದರೆ ಸಾಕು, 2, 2, 3 ಕಣ್ಣೆದುರೇ ಇರುತ್ತದೆ, ಗುಣಿಸಿದರೆ ಮ.ಸಾ.ಅ. 12. ಆ 12ಕ್ಕೆ ಜೋಡಿ ಸಿಗದೆ ಉಳಿದ 7, 2, 5 ಗುಣಿಸಿದರೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಎರಡರಿಂದಲೂ ಪೂರ್ತಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 840. ಎರಡರ ನಡುವಿನ ಗೊಂದಲ ಇಲ್ಲೇ ಹೋಯಿತು. 84 ಅನ್ನು ಒಬ್ಬಳು 4×21 ಅಂತ, ಇನ್ನೊಬ್ಬ 7×12 ಅಂತ ಒಡೆದರೂ ಕೊನೆಗೆ ಅದೇ ನಾಲ್ಕು ಬಿಲ್ಲೆ ಬಂದಾಗ ಅವರ ಮುಖ ನೋಡಬೇಕಿತ್ತು!

ಒಂದು ದೊಡ್ಡ ತಪ್ಪಿದೆ. 1ಕ್ಕೂ ಬಿಲ್ಲೆ ಕೊಟ್ಟಿದ್ದಾರೆ. 1 ಅವಿಭಾಜ್ಯವಲ್ಲ, ಅಲ್ವಾ? ಸೇರಿಸುತ್ತಾ ಹೋದರೆ ಸಾಲಿಗೆ ಕೊನೆಯೇ ಇರುವುದಿಲ್ಲ. ನಾನು ಅವನ್ನು ಮೊದಲೇ ತೆಗೆದಿಟ್ಟೆ, ನೀವೂ ತೆಗೆದುಬಿಡಿ. 2ರ ಬಿಲ್ಲೆ ಎಂಟೇ ಇವೆ, 64 ಮತ್ತು 96 ಒಟ್ಟಿಗೆ ಇಡಲು ಹನ್ನೊಂದು ಬೇಕು.

221 (13×17), 247 (13×19) ಇಂಥ ಸಂಖ್ಯೆಗಳಿಗೆ ಇದು ಸಾಲದು, 13ರ ಮೇಲೆ ಬಿಲ್ಲೆ ಇಲ್ಲವಲ್ಲ. ಅಲ್ಲಿ ಭಾಗಾಕಾರವೇ ಸುಲಭ: 247ರಲ್ಲಿ 221 ಹೋದರೆ 26, 221ನ್ನು 26ರಿಂದ ಭಾಗಿಸಿದರೆ ಶೇಷ 13, ಅದು 26ನ್ನು ಪೂರ್ತಿ ಭಾಗಿಸುತ್ತದೆ. ಮ.ಸಾ.ಅ. 13.