ಮಳೆಯ ಸಂಕೇತ: ಹೆಮಿಂಗ್ವೇ ಮೊದಲೋ, ಮಾರ್ಕ್ವೆಜ್ ಮೊದಲೋ?

ಕಾದಂಬರಿಯಲ್ಲಿ ಮಳೆ ಸಂಕೇತವಾಗಿ ಬೆಳೆಯುವ ಬಗೆಯನ್ನು ಅರಿಯಬಯಸುವವರು ಅಮೆರಿಕದ ಲೇಖಕ ಹೆಮಿಂಗ್ವೇಯ, ಮೊದಲ ಮಹಾಯುದ್ಧದ ಹಿನ್ನೆಲೆಯ ‘ಎ ಫೇರ್‌ವೆಲ್ ಟು ಆರ್ಮ್ಸ್’ (1929) ಕೃತಿಯನ್ನು ಮೊದಲು ಓದುವುದು ಒಳ್ಳೆಯದು. ಮೊದಲ ಅಧ್ಯಾಯದಲ್ಲೇ ಚಳಿಗಾಲದ ಮಳೆಯೊಂದಿಗೆ ಕಾಲರಾ ಬರುತ್ತದೆ. ಮಳೆಯಲ್ಲಿ ತಾನು ಸತ್ತಿರುವಂತೆ ಕಾಣುತ್ತದೆಂದು ಕಥಾನಾಯಕಿ, ನರ್ಸ್ ಕ್ಯಾಥರೀನ್ ಹೆದರುತ್ತಾಳೆ. ಸೈನ್ಯದ ಹಿಮ್ಮೆಟ್ಟುವಿಕೆಯೂ, ಅವಳು ತೀರಿಕೊಂಡ ಬಳಿಕ ಅವಳ ಪ್ರಿಯಕರ, ಕಥಾನಾಯಕ ಹೆನ್ರಿ ಹೋಟೆಲಿಗೆ ಹಿಂದಿರುಗುವುದೂ ಮಳೆಯಲ್ಲೇ. ಲೇಖಕ ಎಲ್ಲಿಯೂ ವಿವರಣೆ ನೀಡದಿದ್ದರೂ, ವಾಸ್ತವದ ಹವಾಮಾನವಾಗಿಯೇ ಉಳಿದ ಈ ಮಳೆ ಪುಟದಿಂದ ಪುಟಕ್ಕೆ ಸಾವಿನ ಭಾರವನ್ನು ಹೊರುತ್ತ ಹೋಗುವುದು ನನಗೆ ಅತ್ಯಂತ ಪ್ರಿಯವಾದ ಕುಶಲತೆ.

ಕೊಲಂಬಿಯಾದ ಲೇಖಕ ಮಾರ್ಕ್ವೆಜ್‌ನ ‘ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್’ (1967) ಕೃತಿಯಲ್ಲಿ ಬಾಳೆತೋಟದ ಕಾರ್ಮಿಕರ ಹತ್ಯಾಕಾಂಡದ ನಂತರ 4 ವರ್ಷ, 11 ತಿಂಗಳು, 2 ದಿನ ಸುರಿಯುವ ಮಳೆ ಊರಿನ ನೆನಪನ್ನೇ ತೊಳೆಯುತ್ತದೆ. ಖಾಸಗಿ ದುಃಖಕ್ಕಿಂತ ಅಳಿಸಲ್ಪಟ್ಟ ಚರಿತ್ರೆಯೇ ನಿಮ್ಮನ್ನು ಕಾಡುತ್ತಿದ್ದರೆ ಇದನ್ನೇ ಆರಿಸಿಕೊಳ್ಳಿ.