ಮೀನಿಲ್ಲದ ಒಮೇಗಾ-3: ಪಾಚಿ ಎಣ್ಣೆಯ ಕ್ಯಾಪ್ಸೂಲ್

ಮೀನು ತಿನ್ನದ ಮನೆಗಳಲ್ಲಿ ಒಮೇಗಾ-3 ಎಂದರೆ ಅಗಸೆ ಚಟ್ನಿಪುಡಿ ಎಂದೇ ಲೆಕ್ಕ. ಆದರೆ ಅಗಸೆಯಲ್ಲಿರುವುದು ಎಎಲ್‌ಎ ಎಂಬ ಕೊಬ್ಬಿನಾಮ್ಲ; ಮಿದುಳಿಗೂ ಕಣ್ಣಿಗೂ ಬೇಕಾದ ಇನ್ನೊಂದು ಒಮೇಗಾ-3 ಕೊಬ್ಬಿನಾಮ್ಲವಾದ ಡಿಎಚ್‌ಎಯನ್ನಾಗಿ ಅದನ್ನು ಮಾರ್ಪಡಿಸಿಕೊಳ್ಳುವುದರಲ್ಲಿ ನಮ್ಮ ದೇಹ ಬಹಳ ಜಿಪುಣ. ಮೀನಿಗಾದರೂ ಡಿಎಚ್‌ಎ ಬರುವುದು ಬಹುಪಾಲು ಸಮುದ್ರದ ಸೂಕ್ಷ್ಮಪಾಚಿಗಳಿಂದಲೇ ಆದ್ದರಿಂದ, ಮೀನನ್ನು ಬಿಟ್ಟು ನೇರವಾಗಿ ಮೂಲಕ್ಕೇ ಹೋಗುವ ಪಾಚಿ ಎಣ್ಣೆಯ ಕ್ಯಾಪ್ಸೂಲುಗಳನ್ನು ಎರಡು ತಿಂಗಳು ಬಳಸಿ ನೋಡಿದೆ.

ಪಾಚಿ ಎಂದೊಡನೆ ಹಸಿರುಗಟ್ಟಿದ ಕೆರೆ ಕಣ್ಣಿಗೆ ಬರುತ್ತದೆ. ಈ ಎಣ್ಣೆಯನ್ನು ಕೊಡುವ ಸ್ಕೈಜೋಕೈಟ್ರಿಯಂ ಎಂಬ ಜೀವಿಗೆ ಹಸಿರೂ ಇಲ್ಲ, ಬಿಸಿಲೂ ಬೇಡ. ಮುಚ್ಚಿದ ಉಕ್ಕಿನ ತೊಟ್ಟಿಗಳಲ್ಲಿ ಸಕ್ಕರೆ ತಿಂದು ಬೆಳೆದು, ಮೈಯೊಳಗೆ ಎಣ್ಣೆ ತುಂಬಿಕೊಳ್ಳುತ್ತದೆ. (ವಿಜ್ಞಾನಿಗಳು ಇದನ್ನು ಅಚ್ಚ ಪಾಚಿಯೆಂದು ಒಪ್ಪುವುದಿಲ್ಲ, ವ್ಯಾಪಾರಿಗಳು ಒಪ್ಪಿದ್ದಾರೆ.) ಸಮುದ್ರದ ನೀರಿನ ಪಾದರಸದ ಭಯ ಇಲ್ಲಿಲ್ಲದಿರುವುದು ತೊಟ್ಟಿಯ ಬೆಳೆಯ ದೊಡ್ಡ ಅನುಕೂಲ. ಹೊರಗಿನ ಕವಚದಲ್ಲಿ ಪ್ರಾಣಿಗಳಿಂದ ತೆಗೆಯುವ ಜೆಲಟಿನ್ ಬದಲು ಪಿಷ್ಟ ಮತ್ತು ಕ್ಯಾರಗೀನನ್ ಇವೆ. ಎರಡನೆಯದು ಕೆಂಪು ಕಡಲಪಾಚಿಯಿಂದ ತೆಗೆಯುವ ಅಂಟು. ಹಾಗಾಗಿ ಒಳಗಿನ ಎಣ್ಣೆಯ ಜೊತೆಗೆ ಹೊರಗಿನ ಚರ್ಮದಲ್ಲೂ ಪಾಚಿಯ ಪಾಲಿದೆ.

ನನ್ನ ಆಕ್ಷೇಪವಿರುವುದು ಡಬ್ಬಿಯ ಬರಹದ ಬಗ್ಗೆ. ಮುಂಭಾಗದಲ್ಲಿ ದಪ್ಪಕ್ಷರಗಳಲ್ಲಿ 1000 ಮಿ.ಗ್ರಾಂ ಎಂದಿದೆ, ಹಿಂಭಾಗದ ಸಣ್ಣಕ್ಷರಗಳನ್ನು ಓದಿದರೆ ಅದು ಎರಡು ಕ್ಯಾಪ್ಸೂಲುಗಳ ಒಟ್ಟು ಎಣ್ಣೆಯ ತೂಕವೆಂದೂ, ಅದರಲ್ಲಿ ಡಿಎಚ್‌ಎ ಇರುವುದು 400 ಮಿ.ಗ್ರಾಂ ಮಾತ್ರವೆಂದೂ ತಿಳಿಯುತ್ತದೆ. ವಯಸ್ಕರಿಗೆ ದಿನಕ್ಕೆ ಇಪಿಎ (ಮತ್ತೊಂದು ಒಮೇಗಾ-3) ಮತ್ತು ಡಿಎಚ್‌ಎ ಸೇರಿ 250 ಮಿ.ಗ್ರಾಂ ಸಾಕೆಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಅಂದಾಜು. ಆ ಲೆಕ್ಕದಲ್ಲಿ ಪ್ರಮಾಣವೇನೂ ಕಡಿಮೆಯಲ್ಲ, ಹೇಳುವ ರೀತಿ ಮಾತ್ರ ಸರಿಯಿಲ್ಲ. ಬೆಳಕು ತಾಗಿದರೆ ಬೇಗ ಕೆಡುವ ಎಣ್ಣೆಯನ್ನು ಪಾರದರ್ಶಕ ಡಬ್ಬಿಯಲ್ಲಿ ಕೊಟ್ಟಿರುವುದೂ ತಪ್ಪು. ಎರಡನೆಯ ತಿಂಗಳ ಕೊನೆಗೆ ಒಂದನ್ನು ಚುಚ್ಚಿ ಮೂಸಿದಾಗ ಮೀನಿನ ವಾಸನೆ ಸಣ್ಣಗೆ ಬಂತು. ಈ ಬಗೆಯ ಕೊಬ್ಬು ಕೆಡಲಾರಂಭಿಸಿದಾಗ, ಅದು ಮೀನಿನದಾಗಲಿ ಪಾಚಿಯದಾಗಲಿ, ಬರುವ ವಾಸನೆ ಅದೇ. ಊಟದ ನಡುವೆ ನುಂಗಿದಾಗ ತೇಗಿನ ತೊಂದರೆ ಇರಲಿಲ್ಲ.

ಬೆಲೆ 60ಕ್ಕೆ 900 ರೂಪಾಯಿ. ಡಬ್ಬಿಯಲ್ಲಿರುವ ಒಟ್ಟು ಎಣ್ಣೆ 30 ಗ್ರಾಂ, ಅಂದರೆ ಕಿಲೋಗೆ 30,000 ರೂಪಾಯಿ! ಇದರಲ್ಲಿ ಡಬ್ಬಿ, ಜಾಹೀರಾತು, ಅಂಗಡಿಯ ಲಾಭವೆಲ್ಲ ಸೇರಿರುವುದು ನಿಜ. ಆದರೂ ಪಾಚಿಯಿಂದ ಡೀಸೆಲ್ ತೆಗೆಯಲು ಹೊರಟವರು ಗುಳಿಗೆಯ ಕಡೆಗೆ ಏಕೆ ತಿರುಗಿದರು ಎಂಬುದಕ್ಕೆ ಈ ಲೆಕ್ಕದಲ್ಲೇ ಸುಳಿವಿದೆ. ಅಮೆರಿಕ ಸರ್ಕಾರ 1978ರಲ್ಲಿ ಆರಂಭಿಸಿದ ಪಾಚಿ ಇಂಧನ ಯೋಜನೆಯನ್ನು 1996ರಲ್ಲಿ ನಿಲ್ಲಿಸಿತು. ಪಾಚಿಯಿಂದ ಇಂಧನ ಮಾಡಲು ಹೊರಟಿದ್ದ ಸೊಲಜೈಮ್ ಎಂಬ ಅಮೆರಿಕದ ಕಂಪನಿ ಆಹಾರ ಮತ್ತು ಪ್ರಸಾಧನಗಳತ್ತ ಹೊರಳಿ, ಹೆಸರನ್ನೂ ಬದಲಿಸಿಕೊಂಡು, 2017ರಲ್ಲಿ ದಿವಾಳಿಯಾಯಿತು. ಲೀಟರ್ ಡೀಸೆಲಿಗೆ ನೂರು ರೂಪಾಯಿ ಕೊಡಲು ಗೊಣಗುವ ನಾವೇ ಗುಳಿಗೆಗೆ ಇಷ್ಟು ತೆರುತ್ತೇವೆ.

ಮುಂದಿನ ಸಲವೂ ಪಾಚಿ ಎಣ್ಣೆಯನ್ನೇ ಕೊಳ್ಳುತ್ತೇನೆ, ಆದರೆ ಕಂದು ಬಣ್ಣದ ಬಾಟಲಿಯಲ್ಲಿ ಬರುವುದನ್ನು, ಡಿಎಚ್‌ಎ ಪ್ರಮಾಣವನ್ನು ಮುಂಭಾಗದಲ್ಲೇ ಮುದ್ರಿಸಿರುವುದನ್ನು. ಚಟ್ನಿಪುಡಿಯನ್ನು ಬಿಟ್ಟಿಲ್ಲ, ರೊಟ್ಟಿಗೆ ಅದು ಬೇಕೇ ಬೇಕು.