ಹಾಲ್ ಗೋಡೆಗೆ ಗ್ರೇ, ಬೇಜ್, ಗ್ರೇಜ್: ಮೂರನ್ನೂ ಬಳಿದು ನೋಡಿದ ಮೇಲೆ

ಮೂರರಲ್ಲಿ ನನ್ನ ಓಟು ಗ್ರೇಜ್‌ಗೆ. ಗ್ರೇಗೂ ಬೇಜ್‌ಗೂ ನಡುವಿನ, ಮರಳಿಗೆ ಬೂದಿ ಬೆರೆಸಿದಂಥ ಬಣ್ಣ ಅದು. ಕ್ರೀಮ್ ವಿಟ್ರಿಫೈಡ್ ಟೈಲ್ಸ್, ತೇಗದ ಬಾಗಿಲು, ಒಂದೇ ಕಡೆ ಕಿಟಕಿ ಇರುವ ಬೆಂಗಳೂರಿನ ಫ್ಲ್ಯಾಟಿಗೆ ತೀರಾ ತಿಳಿಯೂ ಅಲ್ಲದ, ಗಾಢವೂ ಅಲ್ಲದ ಶೇಡ್ ಬೇಕೆಂದರೆ ಇದನ್ನೇ ಹೇಳುತ್ತೇನೆ.

ಗ್ರೇಯದು ಒಂದೇ ತಕರಾರು, ಆದರೆ ದೊಡ್ಡದು. ಶೇಡ್ ಕಾರ್ಡ್‌ನಲ್ಲಿ ಅಚ್ಚ ಬೂದುಬಣ್ಣವಾಗಿ ಕಂಡದ್ದು ಗೋಡೆಗೇರಿದ ಮೇಲೆ ನೀಲಿಗೆ ತಿರುಗುತ್ತದೆ. ಕಾರಣ ಡಬ್ಬಿಯೊಳಗೇ ಇದೆ: ಬಿಳಿ ಬೇಸ್‌ಗೆ ಬರೀ ಕಪ್ಪು ಟಿಂಟರ್ (ಶೇಡ್ ತರಲು ಅಂಗಡಿಯಲ್ಲಿ ಬೆರೆಸುವ ಗಾಢ ಬಣ್ಣ) ಬಿದ್ದರೆ ಬರುವ ಬೂದು ನೀಲಿಯ ಕಡೆಗೇ ವಾಲುತ್ತದೆ. ಅದರ ಮೇಲೆ 6500 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನೀಲಿ, ಇಳಿದಷ್ಟೂ ಹಳದಿ) ಬಿಳಿ ಎಲ್‌ಇಡಿ ಟ್ಯೂಬ್ ಉರಿಸಿದರೆ ಆ ನೀಲಿ ಎದ್ದು ಕಾಣುತ್ತದೆ. ಕಿಟಕಿ ಉತ್ತರಕ್ಕಿದ್ದರೆ ಹಗಲಲ್ಲೂ ಅದೇ ಪಾಡು.

ಪೆಟ್ಟು ಬೀಳುವುದು ನೆಲಕ್ಕೂ. ನೀಲಿ ಛಾಯೆಯ ಪಕ್ಕದಲ್ಲಿ ಕ್ರೀಮ್ ಟೈಲ್ಸ್ ಹಳದಿಗಟ್ಟಿದಂತೆ, ತೊಳೆದರೂ ಕೊಳೆ ಹೋಗದಂತೆ ಕಾಣುತ್ತದೆ. ಟ್ಯೂಬ್ ಬದಲಿಸಿ 4000 ಕೆಲ್ವಿನ್‌ನದು ಹಾಕಿದರೆ ಅರ್ಧ ಸರಿಹೋಗುತ್ತದೆ, ಪೂರ್ತಿ ಅಲ್ಲ. ಗ್ರೇಜ್‌ನಲ್ಲಿ ಕಪ್ಪಿನ ಜೊತೆ ಹಳದಿ ಆಕ್ಸೈಡ್, ಚೂರು ಕೆಂಪು ಆಕ್ಸೈಡ್ ಸೇರಿದರೆ ನೀಲಿ ಅಡಗುತ್ತದೆ. ಬಣ್ಣ ಮಿಕ್ಸ್ ಮಾಡಿಸುವಾಗ ಯಾವ ಟಿಂಟರ್ ಎಷ್ಟು ಬೀಳುತ್ತದೆ ಎಂದು ಅಂಗಡಿಯವರನ್ನು ಕೇಳಿ. ಬರೀ ಕಪ್ಪು ಎಂದರೆ ಆ ಶೇಡ್ ಬಿಟ್ಟುಬಿಡಿ.

ಬೇಜ್ ಮೋಸ ಮಾಡುವುದಿಲ್ಲ, ಸಪ್ಪೆಯಾಗುತ್ತದೆ. 3000 ಕೆಲ್ವಿನ್ ಬಲ್ಬಿನ ಬೆಳಕಿನಲ್ಲಿ ಗೋಡೆ, ಬಾಗಿಲು, ನೆಲ ಎಲ್ಲ ಒಂದೇ ಬಣ್ಣವಾಗಿಬಿಡುತ್ತದೆ. ರೆಡ್ ಆಕ್ಸೈಡ್ ನೆಲದ ಹಳೇ ಮನೆಗೆ ಮಾತ್ರ ಬೇಜ್ ಚೆನ್ನ.

ಸ್ಯಾಂಪಲ್ಲನ್ನು ಹಳೇ ಬಣ್ಣದ ಗೋಡೆಯ ಮೇಲೆ ಬಳಿಯಬೇಡಿ, ಸುತ್ತಲಿನ ಬಣ್ಣ ಕಣ್ಣನ್ನು ಎಳೆಯುತ್ತದೆ. ಎರಡಡಿ ಚೌಕದ ಹಾರ್ಡ್‌ಬೋರ್ಡಿಗೆ ಬಿಳಿ ಪ್ರೈಮರ್ ಕೊಟ್ಟು, ಎರಡು ಕೋಟ್ ಹೊಡೆದು, ಪೂರ್ತಿ ಒಣಗಲು ಬಿಡಿ. ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆ ಬಣ್ಣ) ಒಣಗಿದಾಗ ತುಸು ಗಾಢವಾಗುತ್ತದೆ. ಅದನ್ನು ನೆಲಕ್ಕೆ ತಾಗಿಸಿ, ಬಾಗಿಲ ಪಕ್ಕ ನಿಲ್ಲಿಸಿ ಬೆಳಿಗ್ಗೆಯೂ ನೋಡಿ, ರಾತ್ರಿ ಲೈಟ್ ಹಾಕಿಯೂ ನೋಡಿ.

ಲೆಕ್ಕ: 10×12 ಅಡಿ ಕೋಣೆ, 10 ಅಡಿ ಎತ್ತರವಾದರೆ ಗೋಡೆ 440 ಚದರಡಿ, ಬಾಗಿಲು ಕಿಟಕಿ ಕಳೆದರೆ ಸುಮಾರು 380. ನುಣುಪಾದ ಪುಟ್ಟಿಯ ಮೇಲೆ ಎರಡು ಕೋಟ್‌ಗೆ ಲೀಟರಿಗೆ 120 ಚದರಡಿ ಹಿಡಿದರೆ 3.2 ಲೀಟರ್. 4 ಲೀಟರ್ ಡಬ್ಬಿಯನ್ನು ಒಮ್ಮೆಗೇ ಮಿಕ್ಸ್ ಮಾಡಿಸಿ. ಸಾಲದೆ ಬಂದು ಆಮೇಲೆ ಒಂದು ಲೀಟರ್ ತಂದರೆ ಅದೇ ಕೋಡ್ ಇದ್ದರೂ ಕೂದಲೆಳೆಯ ವ್ಯತ್ಯಾಸ ಬರಬಹುದು, ಬಿಳಿಯಲ್ಲಿ ಮುಚ್ಚಿಹೋಗುವುದು ಈ ಶೇಡ್‌ಗಳಲ್ಲಿ ಕಾಣುತ್ತದೆ.

ಫಿನಿಶ್ ಮ್ಯಾಟ್ ಇರಲಿ. ಹೊಳಪಿನದು ಒರೆಸಲು ಸಲೀಸು, ಆದರೆ ಪುಟ್ಟಿಯ ಏರುಪೇರನ್ನೂ ಟಚಪ್ ಮಾಡಿದ ಜಾಗವನ್ನೂ ಎತ್ತಿ ತೋರಿಸುತ್ತದೆ.

ಬಜೆಟ್ ಬಿಗಿಯಿದ್ದರೆ ದುಬಾರಿ ಎಮಲ್ಷನ್ ಬಿಟ್ಟು ಮಧ್ಯಮ ದರ್ಜೆಯದು ತೆಗೆದುಕೊಳ್ಳಿ, ಉಳಿದ ಹಣ ಪುಟ್ಟಿ, ಪ್ರೈಮರ್‌ಗೆ ಹೋಗಲಿ. ಸಂಜೆ ಒಂದೇ ಟ್ಯೂಬ್ ಹಾಕಿ ಕೂರುವ ನಮ್ಮಂಥ ಮನೆಗೆ ಗ್ರೇಜ್ ಸಾಕು. ಎಲ್ಲ ಕಡೆ ಹಳದಿ ಛಾಯೆಯ ವಾರ್ಮ್ ಲೈಟ್ ಹಾಕಿಸಿ, ಬಿಳಿ ನೆಲ ಇದ್ದವರು ಗ್ರೇ ತೆಗೆದುಕೊಂಡರೂ ನಡೆಯುತ್ತದೆ.